ಅಕ್ಕಸಾಲಿಯ ಊದುಗೊಳವೆ

ಹೊಟ್ಟೆಯ ಆಪರೇಷನ್ ಆದಮೇಲೆ ಅಕ್ಕಸಾಲಿಯ ಹೆಂಡತಿಯ ಉಸಿರಿಗೆ ಬಲ ಬರಲೆಂದು ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದ್ದರು. ಅದರೊಳಗೆ ಮೂರು ಚೆಂಡು, ಪಕ್ಕಕ್ಕೊಂದು ಕೊಳವೆ. ಅವಳ ಉಸಿರಿಗೆ ಮೂರೂ ಚೆಂಡು ಮೇಲೇಳಬೇಕು.

"ಉಸಿರು ಒಳಗೆ ಎಳ್ಕೋಬೇಕು ಅಂತ ಸಿಸ್ಟರ್ ಅಂದ್ರು ರೀ," ಎಂದಳು, ಮನೆಗೆ ಬಂದ ದಿನವೇ.

ಅಕ್ಕಸಾಲಿ ಗಂಡ ನಕ್ಕುಬಿಟ್ಟ. "ಕೊಳವೆ ಇರೋದೇ ಊದೋಕೆ ಕಣೇ. ಮೂವತ್ತು ವರ್ಷದಿಂದ ಊದುಗೊಳವೆ ಹಿಡಿದು ಚಿನ್ನ ಬೆಸೀತಿರೋನಿಗೆ ಹೇಳ್ಕೊಡ್ತೀಯಾ? ಕೆನ್ನೆ ಉಬ್ಬಿಸು. ಊದು!"

ಅವಳು ಊದಿದಳು. ಚೆಂಡು ಅಲುಗಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಎದುರಿಗೆ ಕೂರಿಸಿಕೊಂಡು ಊದಿಸಿದ. ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಮತ್ತೆ ಊದಿಸಿದ. "ಹೊಟ್ಟೆಗೆ ಅನ್ನ ತಿನ್ನಲ್ವೇನೇ? ಜೋರಾಗಿ ಊದು!" ಎಂದು ರೇಗಿದ. ಹದಿನೈದು ದಿನವಾದರೂ ಒಂದು ಚೆಂಡೂ ಏಳಲಿಲ್ಲ.

ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದವನೇ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. "ಇದು ಕೆಟ್ಟಿದೆಯೋ, ಇವಳಲ್ಲಿ ಉಸಿರೇ ಇಲ್ಲವೋ, ನೀವೇ ನೋಡಿ ಸಿಸ್ಟರ್. ನಂಗಂತೂ ಸಾಕಾಗಿಹೋಗಿದೆ!"

ಸಿಸ್ಟರ್ ಡಬ್ಬಿಯನ್ನು ಅವಳ ಕೈಗಿತ್ತರು. ಅವಳು ಕೊಳವೆಯನ್ನು ಬಾಯಿಗಿಟ್ಟು ಉಸಿರೆಳೆದಳು. ಮೂರೂ ಚೆಂಡು ಟಕಟಕನೆ ಮೇಲೆದ್ದು ಅಲ್ಲೇ ನಿಂತವು.

ಗಂಡ ಬಾಯಿ ಬಿಟ್ಟುಕೊಂಡು ನೋಡಿದ.

"ವಾರ್ಡಲ್ಲಿದ್ದಾಗ ಒಂದೇ ಏಳ್ತಿತ್ತಲ್ಲಮ್ಮಾ! ಯಾವಾಗ ಇಷ್ಟು ಅಭ್ಯಾಸ ಮಾಡಿದ್ರಿ?" ಎಂದರು ಸಿಸ್ಟರ್.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇವರು ಅಂಗಡಿಗೆ ಹೋದ್ಮೇಲೆ."