ತಾಂಬೂಲದ ತಟ್ಟೆ

ಮದುವೆಯಾದ ಹೊಸದರಲ್ಲೇ ಗಂಡನಿಗೆ ಮಂಗನಬಾವು ಬಂತು. ಆರೈಕೆ ಮಾಡಿದ ಹೆಂಡತಿಗೂ ಅಂಟಿತು. ಇಬ್ಬರ ಕೆನ್ನೆಯ ಊತವೇನೋ ಇಳಿಯಿತು, ಮಕ್ಕಳು ಮಾತ್ರ ಆಗಲಿಲ್ಲ. ಆ ಬೇನೆಯೇ ಸೊಸೆಯನ್ನು ಬಂಜೆ ಮಾಡಿತೆಂದು ಅತ್ತೆ ಊರೆಲ್ಲ ಸಾರಿ, ಕೊನೆಗೆ ಮಗನಿಗೆ ಎರಡನೆಯ ಹೆಣ್ಣು ಗೊತ್ತುಮಾಡಿದಳು. ಹಿರಿಯ ಹೆಂಡತಿ ಕೈಯಾರೆ ತಾಂಬೂಲ ಕೊಟ್ಟರೆ ಮಾತ್ರ ಹೆಣ್ಣಿನವರು ಒಪ್ಪುವುದು ಆ ಕಡೆಯ ಪದ್ಧತಿ.

ಇಷ್ಟು ವರ್ಷ ದೇವಿಯ ಮುಂದೆ ಮಗು ಬೇಡುತ್ತಿದ್ದವಳು, ಹೆಣ್ಣಿನವರು ಬಂದ ದಿನ ಧೈರ್ಯ ಬೇಡಿಕೊಂಡು, ತಟ್ಟೆ ಹಿಡಿದು ನಡುಮನೆಗೆ ಬಂದಳು.

"ಮನಸಾರೆ ಕೊಡ್ತಿದೀಯೇನವ್ವಾ?" ಹೆಣ್ಣಿನ ತಾಯಿ ಕೇಳಿದಳು.

"ಕೊಡದೆ ಏನ್ಮಾಡ್ತಾಳೆ, ಗೊಡ್ಡೆಮ್ಮೆ!" ಎಂದಳು ಅತ್ತೆ.

"ದೊಡ್ಡಾಸ್ಪತ್ರೇಲಿ ಇಬ್ರನ್ನೂ ಪರೀಕ್ಷೆ ಮಾಡಿದ್ರು ಅತ್ತೆ. ನನ್ನಲ್ಲಿ ಏನೂ ಕೊರತೆ ಇಲ್ವಂತೆ. ಆ ಬೇನೆ ಗಂಡಸರಿಗೆ ಒಂದೊಂದ್ಸಲ ಕೆಳಗಿಳಿದು ಬೀಜಾನೇ ಬತ್ತಿಸುತ್ತಂತೆ. ಬೇಕಾದ್ರೆ ನಿಮ್ಮ ಮಗನ್ನೇ ಕೇಳಿ."

ಮಗ ಎದ್ದು ಹಿತ್ತಲ ಕಡೆ ನಡೆದುಬಿಟ್ಟ.

"ಅಯ್ಯೋ ಶಿವನೇ, ಹಂಗಾದ್ರೆ ಈ ಮನೇಲಿ ತೊಟ್ಟಿಲು ತೂಗೋದೇ ಇಲ್ವಾ?" ಅತ್ತೆ ಎದೆ ಬಡಿದುಕೊಂಡಳು.

"ಯಾಕಿಲ್ಲ?" ಸೊಸೆ ತಟ್ಟೆಯನ್ನು ಅವಳ ಮಡಿಲಿಗೇ ಇಟ್ಟಳು. "ನನಗೊಂದು ಗಂಡು ನೋಡಿ."