ಡಪ್ಪಿಯ ಪುಸ್ತಕ

ಸ್ಯಾನಿಟೈಸರಿನ ವಾಸನೆ ಬಂದರೆ ಈಗಲೂ ನಾವಿದ್ದ ಹೊರದೇಶದ ಊರು ಕ್ಲಾಂಡಾಲ್ಕಿನ್ನಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮೈಸೂರಿನಲ್ಲಿ ಅಜ್ಜಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ಲಾಕ್‌ಡೌನಿನಲ್ಲಿ ವಿಮಾನವಿಲ್ಲದೆ ಅಮ್ಮ ಎಲ್ಲವನ್ನೂ ಫೋನಿನಲ್ಲೇ ನೋಡಿದ್ದಳು. ಪಕ್ಕದ ಮನೆಯ ನನ್ನ ಜಮೈಕಾದ ಗೆಳತಿ ಸ್ಯಾನಿಟೈಸರಿನಿಂದ ಚೆನ್ನಾಗಿ ಒರೆಸಿ ಬೇಲಿಯ ಮೇಲಿಂದ ಕೊಟ್ಟಿದ್ದ ಮಕ್ಕಳ ದೆವ್ವದ ಕಥೆಯನ್ನು ನಾನು ಹೆದರುತ್ತಲೇ ಓದುತ್ತಿದ್ದೆ. ಅದರಲ್ಲಿ ಹುಡುಗಿಯೊಬ್ಬಳ ಸತ್ತ ತಾಯಿ ಡಪ್ಪಿಯಾಗಿ, ಅಂದರೆ ಅವರ ಕಡೆಯ ದೆವ್ವವಾಗಿ, ಮನೆಗೆ ಬರುತ್ತಾಳೆ.

"ಏನೇ ಓದ್ತಿದೀಯ?" ಎಂದಳು ಅಮ್ಮ.

"ಒಂಬತ್ತನೇ ದಿನ ಮಂಚ ಜರುಗಿಸ್ತಾರಂತೆ ಅಮ್ಮಾ. ರೂಮ್ ಗುರುತು ಸಿಗದೆ ಡಪ್ಪಿ ಹೊರಟೋಗುತ್ತಂತೆ. ನಾವೂ ಜರುಗಿಸೋಣ್ವಾ?"

ಅಮ್ಮ ಮಂಚದ ಅಂಚು ಹಿಡಿದು ಕುಳಿತಳು. "ಬೇಡ ಕಣೇ. ನಮ್ಮಮ್ಮ ಈ ಮನೆ ನೋಡೇ ಇಲ್ಲ. ಬರೋಕೆ ದಾರಿನಾದ್ರೂ ಹೆಂಗೆ ಗೊತ್ತಾಗುತ್ತೆ?"

ನಾನು ಪುಟ ತಿರುವಿ ತಿರುವಿ ಹುಡುಕಿದೆ. ಡಪ್ಪಿಯನ್ನು ಮನೆಗೆ ಕರೆಯುವುದು ಹೇಗೆಂದು ಎಲ್ಲೂ ಬರೆದಿರಲಿಲ್ಲ.