ಎಳೆ ಎಳೆ ಕಾಣುವ ಕ್ಯಾಮೆರಾ

“ಮುಖ ಮುಚ್ಕಂಡ್ರೇನು, ಕಂಬ್ಳಿ ಕಾಣ್ತಿಲ್ವೇನ್ರಿ ಮೇಡಂ?” ಕುರಿ ಫಾರಂನ ಯಜಮಾನ ಶಿವಕುಮಾರಪ್ಪ ಕಂಪ್ಯೂಟರ್ ಪರದೆಯ ಮೇಲೆ ಬೆರಳು ಕುಟ್ಟಿದ.

ಪರದೆಯಲ್ಲಿ, ಹಾಡಹಗಲೇ, ತಲೆಯಿಂದ ಮೊಣಕಾಲಿನವರೆಗೆ ಕಂಬಳಿ ಮುಸುಕು ಹಾಕಿಕೊಂಡ ಒಬ್ಬ ಟಗರಿನ ಹಗ್ಗ ಹಿಡಿದು ಎಳೆಯುತ್ತಿದ್ದ. ಟಗರು ಕಾಲೂರಿ ನಿಂತಿತ್ತು. ಅವನು ಇನ್ನಷ್ಟು ಜಗ್ಗಿದ. ಕೊನೆಗೂ ದರದರ ಎಳೆದುಕೊಂಡು ಗೇಟು ದಾಟಿದ.

ಚಿತ್ರದುರ್ಗದಿಂದ ಬಂದಿದ್ದ ವಿಮಾ ಕಂಪನಿಯ ಮೇಘಶ್ರೀ ಬರೆದುಕೊಂಡಳು. ಕುರಿ ಕಾಯುವ ಗೋವಿಂದಪ್ಪನೂ ಅವನ ಹೆಂಡತಿ ತಿಪ್ಪಮ್ಮನೂ ಬಾಗಿಲ ಹೊರಗೆ ನಿಂತಿದ್ದರು. ಅವರಿಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ. ಮೈಯೆಲ್ಲ ಕುರಿ ವಾಸನೆಯಂತೆ! ಕುರಿ ಸಾಕಿ ದೊಡ್ಡ ಮನುಷ್ಯನಾಗಲು ಹೊರಟವನಿಗೆ ಕುರಿ ವಾಸನೆ ಮಾತ್ರ ಆಗದು.

ಹಿರಿಯೂರಿನ ಹೊರಗಿನ ಈ ಫಾರಂನಲ್ಲಿ ವಿಮೆ ಮಾಡಿಸಿದ್ದ ಟಗರು ಕಳುವಾದದ್ದು ಇದು ನಾಲ್ಕನೇ ಸಲ. ಮೊದಲ ಮೂರು ಹೋದಾಗ ಇದ್ದದ್ದು ಹಳೆಯ ಅನಲಾಗ್ ಕ್ಯಾಮೆರಾ. ಅದರ ಮಸುಕು ಚಿತ್ರದಲ್ಲಿ ಕಳ್ಳ ಯಾವುದು, ಟಗರು ಯಾವುದು ಎಂದು ತಿಳಿಯದೆ ಕಂಪನಿ ಅರ್ಜಿಯನ್ನು ವಾಪಸ್ ಕಳಿಸಿತ್ತು. ಹಟಕ್ಕೆ ಬಿದ್ದ ಶಿವಕುಮಾರಪ್ಪ ಡಿಜಿಟಲ್ ನೆಟ್‌ವರ್ಕ್ ಕ್ಯಾಮೆರಾ ಹಾಕಿಸಿದ. ೨೦೦೯ರಲ್ಲಿ ಅಂಥದ್ದು ತಾಲ್ಲೂಕಿಗೇ ಮೊದಲನೆಯದು ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡ.

“ಹಳೇದು ಕಣ್ಣಿಗೆ ಪೊರೆ ಬಂದಂಗಿತ್ತು. ಇದು ನೋಡ್ರಿ, ಬಣ್ಣ ಸಮೇತ ಎಳೆ ಎಳೆ ಕಾಣ್ತೈತೆ. ಆಗ್ಲೇ ನೆಟ್‌ನಾಗೆ ನಿಮ್ಮ ಆಫೀಸಿಗೂ ಹೋಗೈತೆ, ಇನ್ನು ಯಾರೂ ಅಳಿಸಕ್ಕಾಗಲ್ಲ. ಈ ಫಾರಂನಾಗೆ ಕಂಬ್ಳಿ ಹೊದಿಯೋನು ಇವನೊಬ್ನೇ. ಸ್ಟೇಷನ್ನಿಗೆ ಫೋನ್ ಮಾಡೀನಿ, ಬರ್ತಾವ್ರೆ.”

“ನಾನಲ್ಲ ಸಾಹುಕಾರ್ರೇ.” ಗೋವಿಂದಪ್ಪ ಹೊಸ್ತಿಲಾಚೆಯಿಂದಲೇ ಕೂಗಿದ. “ನಾನು ಮುಂದೆ ನಡೆದ್ರೆ ಟಗರು ತಾವೇ ಹಿಂದೆ ಬರ್ತಾವೆ. ನಾನ್ಯಾಕೆ ಜಗ್ಗಲಿ?”

“ಕೇಳಿದ್ರಾ ಮೇಡಂ? ಟಗರಿನ ಸಾಕ್ಷೀನೂ ಬರ್ಕಳ್ರಿ!” ಶಿವಕುಮಾರಪ್ಪ ಹೊಟ್ಟೆ ಕುಣಿಸಿ ನಕ್ಕ.

ಮೂವತ್ತು ವರ್ಷ ಕಂಡವರ ಕುರಿ ಕಾಯ್ದು ಒಂದು ಮರಿಯನ್ನೂ ಕಳೆಯದ ಮನುಷ್ಯ ಇನ್ನರ್ಧ ಗಂಟೆಯಲ್ಲಿ ಕಳ್ಳನೆನಿಸಿಕೊಂಡು ಜೀಪು ಹತ್ತಬೇಕಿತ್ತು. ಆದರೆ ಚಿತ್ರ ಕಣ್ಣೆದುರೇ ಇತ್ತು. ಮೇಘಶ್ರೀ ತಿಪ್ಪಮ್ಮನನ್ನು ಒಳಗೆ ಕರೆದಳು.

“ಇದು ನಿಮ್ಮ ಯಜಮಾನರ ಕಂಬಳಿನಾ? ಸರಿಯಾಗಿ ನೋಡಿ ಹೇಳ್ರಿ.”

ತಿಪ್ಪಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಶಿವಕುಮಾರಪ್ಪ ತಾನೇ ಮೌಸ್ ಹಿಡಿದು ಚಿತ್ರವನ್ನು ದೊಡ್ಡದು ಮಾಡಿದ. ನೋಡಲಿ, ಕಣ್ತುಂಬ ನೋಡಲಿ ಎಂಬ ಧಾರಾಳ. ಅವನ ಪಾಲಿಗೆ ಕಂಬಳಿ ಎಂದರೆ ಕಂಬಳಿ, ಎಲ್ಲವೂ ಒಂದೇ.

“ಇದರ ನೂಲು ತೆಗೆದೋಳು ನಾನೇ,” ಎಂದಳು ತಿಪ್ಪಮ್ಮ. “ನೇಯ್ದೋರೂ ನಮ್ಮನೆಯೋರೇ.”

“ನೋಡಿದ್ರಾ, ಒಪ್ಕಂಡ್ಲು!”

“ತಡೀರಿ. ಇದಕ್ಕೆ ಕೆಂಪಂಚು ಐತಲ್ಲವ್ವಾ. ನಾವು ಹೊದಿಯೋವಕ್ಕೆಲ್ಲ ಕರೀ ಅಂಚೇ. ದೊಡ್ಡೋರಿಗೆ ಮರ್ಯಾದೆಗೆ ಅಂತ ಹೊದಿಸೋದಕ್ಕೆ ಮಾತ್ರ ಕೆಂಪು ಹಾಕ್ತೀವಿ. ಇಂಥದ್ದು ನೇಯ್ದಿದ್ದು ಒಂದೇ ಒಂದು.”

ಮೇಘಶ್ರೀ ಪೆನ್ನು ನಿಲ್ಲಿಸಿದಳು. “ಅದನ್ನ ಯಾರಿಗೆ ಹೊದಿಸಿದ್ರಿ?”

“ಈ ಸಾಹುಕಾರ್ರಿಗೇ ಕಣವ್ವಾ. ಫಾರಂ ಪೂಜೆ ದಿನ.”